ಟ್ಯುಟೋರಿಯಲ್ ನೋಡೋದಾ, ಪ್ರಾಜೆಕ್ಟ್ ಮಾಡೋದಾ? ಪ್ರೋಗ್ರಾಮಿಂಗ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

"ಅಣ್ಣ, ಪೈಥಾನ್ ಕೋರ್ಸ್ ಮುಗೀತು. ಈಗ ಜಾವಾಸ್ಕ್ರಿಪ್ಟ್ ಶುರು ಮಾಡ್ಲಾ, ಇಲ್ಲ ಇನ್ನೊಂದು ಪೈಥಾನ್ ಕೋರ್ಸ್ ನೋಡ್ಲಾ?"

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಬಿಸಿಎ, ಡಿಪ್ಲೊಮಾ ಹುಡುಗ ಹುಡುಗಿಯರು ಕೇಳುವುದು ಹೆಚ್ಚೂಕಮ್ಮಿ ಇದನ್ನೇ. ನಾನು ತಿರುಗಿ ಕೇಳುವುದೂ ಒಂದೇ. ಒಂದು ಖಾಲಿ ಫೈಲ್ ತೆರೆದು, ನಿಮ್ಮ ಮನೆಯಿಂದ ಡೈರಿಗೆ ಹಾಕುವ ಹಾಲಿನ ಒಂದು ವಾರದ ಲೆಕ್ಕ ಬರೆದು ತೋರಿಸ್ತೀರಾ? ಬೆಳಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು ಲೀಟರ್, ಒಂದು ದಿನ ಹಾಕಿಲ್ಲ, ಒಟ್ಟು ಎಷ್ಟು? ಕೋರ್ಸ್ ಮುಗಿಸಿದ ಸರ್ಟಿಫಿಕೇಟ್ ಇರುವವರೂ ಇಲ್ಲಿ ಕೈ ಕಟ್ಟಿ ಕೂರುತ್ತಾರೆ. ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಅಂದ್ರೆ ಏನು ಅಂತ ಕೇಳಿದರೆ ಚೆನ್ನಾಗಿ ಹೇಳುತ್ತಾರೆ. ಅದನ್ನು ಎಲ್ಲಿ ಹಾಕಬೇಕು ಅಂತ ಗೊತ್ತಾಗುವುದಿಲ್ಲ, ಅಷ್ಟೇ.

ಇದನ್ನು ನೋಡಿ "ಟ್ಯುಟೋರಿಯಲ್ ಎಲ್ಲಾ ದಂಡ, ಮೊದಲ ದಿನದಿಂದಲೇ ಪ್ರಾಜೆಕ್ಟ್ ಮಾಡಿ" ಅನ್ನುವವರು ಇದ್ದಾರೆ. ಅದೂ ತಪ್ಪು. ಏನೂ ಗೊತ್ತಿಲ್ಲದವರನ್ನು ಖಾಲಿ ಪರದೆ ಮುಂದೆ ಕೂರಿಸಿದರೆ ಅವರು ಕಲಿಯುವುದು ಕಡಿಮೆ, ಬೇಸರ ಪಡುವುದು ಜಾಸ್ತಿ. 1985ರಲ್ಲಿ ಕಲಿಕೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಬೀಜಗಣಿತ ಕಲಿಯುವವರ ಮೇಲೆ ಇದನ್ನೇ ಪರೀಕ್ಷಿಸಿದರು. ಬಿಡಿಸಿಟ್ಟ ಲೆಕ್ಕಗಳನ್ನು ಓದಿಕೊಂಡ ಹೊಸಬರು, ಮೊದಲಿನಿಂದಲೂ ತಾವೇ ಬಿಡಿಸಲು ಹೋದವರಿಗಿಂತ ಕಡಿಮೆ ಹೊತ್ತಿನಲ್ಲಿ ವಿಷಯ ಹಿಡಿದರು. ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಕಲಿಯುವವರು ಸ್ವಲ್ಪ ಪಳಗಿದ ಮೇಲೆ ಅದೇ ಬಿಡಿಸಿಟ್ಟ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಕೆಲವೊಮ್ಮೆ ಅಡ್ಡಿಯೇ ಆಗುತ್ತದೆ. ಇದರ ಬಗ್ಗೆ ಸ್ವೆಲ್ಲರ್ ಮತ್ತು ಜೊತೆಗಾರರು 2003ರಲ್ಲಿ ವಿವರವಾಗಿ ಬರೆದಿದ್ದಾರೆ.

ಅಂದರೆ ಯಾವುದು ಮೇಲು ಅಂತ ಜಗಳ ಆಡಿ ಪ್ರಯೋಜನ ಇಲ್ಲ. ಈ ಹೊತ್ತಿನಲ್ಲಿ, ಈ ವಿಷಯದಲ್ಲಿ, ನೀವು ಹೊಸಬರೋ ಅಲ್ಲವೋ ಅಂತ ಗುರುತಿಸಿಕೊಳ್ಳಬೇಕು. ಅದನ್ನು ಗುರುತಿಸುವುದು ಹೇಗೆ ಅಂತ ಒಂದೊಂದೇ ಹಂತ ಹೇಳ್ತೀನಿ. ಉದಾಹರಣೆಗೆ ಪೈಥಾನ್ ಇಟ್ಟುಕೊಂಡಿದ್ದೇನೆ, ಬೇರೆ ಭಾಷೆ ಕಲಿಯುತ್ತಿದ್ದರೂ ಲೆಕ್ಕ ಒಂದೇ.

ಹಂತ 1: ಒಂದೇ ಟ್ಯುಟೋರಿಯಲ್ ಹಿಡಿಯಿರಿ, ಅದನ್ನೂ ಪೂರ್ತಿ ಮುಗಿಸಬೇಡಿ

ಯಾವುದನ್ನು ಹಿಡಿಯಬೇಕು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹಾರ್ವರ್ಡ್‌ನ ಸಿಎಸ್50 ಕೋರ್ಸ್, ನಮ್ಮ ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್, 2014ರಿಂದ ನಡೆಯುತ್ತಿರುವ ಫ್ರೀಕೋಡ್‌ಕ್ಯಾಂಪ್, ಇವೆಲ್ಲ ದುಡ್ಡಿಲ್ಲದೆ ಕಲಿಯಲು ಸಿಗುತ್ತವೆ. ಓದಿಯೇ ಕಲಿಯುವವರಿಗೆ ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್ ಇದೆ. ನೋಡಬೇಕಾದ್ದು ಒಂದೇ ಗುಣ: ಪ್ರತಿ ಪಾಠಕ್ಕೂ ನೀವೇ ಮಾಡಬೇಕಾದ ಅಭ್ಯಾಸ ಇದೆಯಾ? ಹತ್ತು ಗಂಟೆಯ ವಿಡಿಯೋ, ಒಂದೂ ಅಭ್ಯಾಸ ಇಲ್ಲ ಅಂದರೆ ಬಿಟ್ಟುಬಿಡಿ.

ಎಲ್ಲಿಯವರೆಗೆ ನೋಡಬೇಕು? ವೇರಿಯೇಬಲ್, ಇಫ್, ಲೂಪ್, ಲಿಸ್ಟ್, ಡಿಕ್ಷನರಿ, ಫಂಕ್ಷನ್, ಫೈಲ್ ಓದುವುದು ಬರೆಯುವುದು. ಇಷ್ಟಕ್ಕೆ ನಿಲ್ಲಿಸಿ. ಕ್ಲಾಸ್, ಡೆಕೋರೇಟರ್, ಜನರೇಟರ್ ಎಲ್ಲ ಆಮೇಲೆ. ಅವು ಬೇಡ ಅಂತಲ್ಲ. ಅವು ಯಾವ ಕಷ್ಟವನ್ನು ತಪ್ಪಿಸಲು ಹುಟ್ಟಿದವೋ ಆ ಕಷ್ಟವನ್ನು ನೀವಿನ್ನೂ ಪಟ್ಟಿಲ್ಲ. ಹಾಗಾಗಿ ಈಗ ಕೇಳಿದರೂ ತಲೆಯಲ್ಲಿ ನಿಲ್ಲುವುದಿಲ್ಲ.

ನೋಡುವ ರೀತಿಯೂ ಮುಖ್ಯ. ಹೇಳಿಕೊಡುವವರು ಕೋಡ್ ಟೈಪ್ ಮಾಡುವ ಮೊದಲೇ ವಿಡಿಯೋ ನಿಲ್ಲಿಸಿ, ಮುಂದಿನ ಸಾಲು ಏನಿರಬಹುದು ಅಂತ ಊಹಿಸಿ ಬರೆಯಿರಿ. ತಪ್ಪಾದರೂ ಪರವಾಗಿಲ್ಲ. ಮರುದಿನ ಬೆಳಗ್ಗೆ, ಹಿಂದಿನ ದಿನದ ಪಾಠ ತೆರೆಯದೆ, ಅದೇ ಪ್ರೋಗ್ರಾಂ ನೆನಪಿನಿಂದ ಬರೆಯಿರಿ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರಿಗಿಂತ, ನೆನಪಿನಿಂದ ತೆಗೆದು ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಓದಿದವರಿಗೆ ತಮಗೆ ಚೆನ್ನಾಗಿ ಬರುತ್ತದೆ ಅನ್ನುವ ಭರವಸೆ ಮಾತ್ರ ಜಾಸ್ತಿ ಇತ್ತು. ವಿಡಿಯೋ ನೋಡುವಾಗ "ಹೂಂ, ಅರ್ಥ ಆಯ್ತು" ಅನ್ನಿಸುತ್ತದಲ್ವಾ, ಅದೇ ಇದು.

ಹಂತ 2: ಹೊರಡುವ ಸಮಯ ಬಂತಾ ಅಂತ ನೋಡಿಕೊಳ್ಳಿ

ಮೇಲೆ ಹೇಳಿದ ಹಾಲಿನ ಲೆಕ್ಕವೇ ಪರೀಕ್ಷೆ. ಖಾಲಿ ಫೈಲ್. ವಿಡಿಯೋ ಇಲ್ಲ, ಎಐ ಇಲ್ಲ. ಯಾವ ಕಮಾಂಡ್ ಹೇಗೆ ಬರೆಯಬೇಕು ಅಂತ ಮರೆತರೆ ಪೈಥಾನ್ ಡಾಕ್ಯುಮೆಂಟೇಶನ್ (ಅದರ ಅಧಿಕೃತ ಕೈಪಿಡಿ) ನೋಡಬಹುದು, ತಪ್ಪೇನಿಲ್ಲ. ವರ್ಷಗಟ್ಟಲೆ ಕೆಲಸ ಮಾಡಿದವರೂ ನೋಡುತ್ತಾರೆ.

ಮಾಡಿದರೆ ಪ್ರಾಜೆಕ್ಟ್‌ಗೆ ಹೋಗಿ. ಒದ್ದಾಡಿಕೊಂಡು, ಕೋಡ್ ಅಂದಗೆಟ್ಟಿದ್ದರೂ ಉತ್ತರ ಸರಿ ಬಂದರೆ, ಆಗಲೂ ಹೋಗಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಹೊಳೆಯಲಿಲ್ಲ ಅಂದರೆ ಇನ್ನೊಂದು ವಾರ ಹಂತ 1ರಲ್ಲೇ ಇರಿ, ಆದರೆ ಹೊಸ ಪಾಠ ನೋಡಬೇಡಿ. ಹಳೆ ಪಾಠಗಳ ಅಭ್ಯಾಸಗಳನ್ನೇ, ಪಾಠ ಮುಚ್ಚಿಟ್ಟು ಮಾಡಿ. ಹೊಸ ಕೋರ್ಸ್ ಖರೀದಿಸುವ ಆಸೆ ಬರುವುದು ಸರಿಯಾಗಿ ಇದೇ ಹೊತ್ತಿಗೆ. ಯಾಕಂದ್ರೆ ಹೊಸ ಕೋರ್ಸ್‌ನ ಮೊದಲ ಭಾಗ ನಿಮಗೆ ಆಗಲೇ ಗೊತ್ತಿರುತ್ತದೆ, ನೋಡುತ್ತಾ ಹೋದರೆ ಹಾಯಾಗಿರುತ್ತದೆ.

ಹಂತ 3: ಪ್ರಾಜೆಕ್ಟ್ ಆರಿಸುವುದು

ಇಲ್ಲೇ ಜಾಸ್ತಿ ಜನ ಎಡವುವುದು. ಅಮೆಜಾನ್ ಥರದ್ದು ಮಾಡ್ತೀನಿ, ಇನ್‌ಸ್ಟಾಗ್ರಾಂ ಥರದ್ದು ಮಾಡ್ತೀನಿ ಅಂತ ಹೊರಡುತ್ತಾರೆ, ಲಾಗಿನ್ ಪುಟ ಮಾಡಿ ಮುಗಿಸುತ್ತಾರೆ. ಅಥವಾ "ಆರಂಭಿಕರಿಗೆ ಹತ್ತು ಪ್ರಾಜೆಕ್ಟ್" ಅಂತ ಹುಡುಕಿ, ಅದರಲ್ಲಿ ಬರೆದಂತೆಯೇ ಮಾಡುತ್ತಾರೆ. ಅದು ಪ್ರಾಜೆಕ್ಟ್ ಹೆಸರಿನ ಟ್ಯುಟೋರಿಯಲ್, ಅಷ್ಟೇ. ಏನು ಮಾಡಬೇಕು ಅಂತ ಬೇರೆ ಯಾರೋ ತೀರ್ಮಾನ ಮಾಡಿಟ್ಟಿದ್ದರೆ, ಅರ್ಧ ಕಲಿಕೆ ಅಲ್ಲಿಗೇ ಹೋಯಿತು.

ನನ್ನ ಸಲಹೆ: ನಿಮ್ಮ ಸುತ್ತ ಯಾರೋ ಒಬ್ಬರು ಪುಸ್ತಕದಲ್ಲಿ ಕೈಯಲ್ಲಿ ಬರೆಯುತ್ತಿರುವ ಲೆಕ್ಕ ಹುಡುಕಿ. ನಮ್ಮ ಕಡೆ ಅದಕ್ಕೇನೂ ಬರ ಇಲ್ಲ. ಎಸ್ಟೇಟ್ ರೈಟರ್ ಬರೆಯುವ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ. ಕಾಫಿ ಕುಯ್ಲಿನಲ್ಲಿ ಯಾರು ಎಷ್ಟು ಕೆಜಿ ಹಣ್ಣು ಕುಯ್ದರು ಅನ್ನುವ ಪಟ್ಟಿ. ಹೋಂಸ್ಟೇಯಲ್ಲಿ ಯಾವ ರೂಮು ಯಾವ ದಿನ ಬುಕ್ ಆಗಿದೆ ಅನ್ನುವ ಡೈರಿ. ಅಮ್ಮನ ಚೀಟಿ ಲೆಕ್ಕ. ತೋಟದ ಮಳೆ ಪುಸ್ತಕ. ಇವುಗಳಲ್ಲಿ ಮೂರು ಅನುಕೂಲ ಇದೆ. ಉತ್ತರ ಸರಿಯಾ ತಪ್ಪಾ ಅಂತ ಪುಸ್ತಕದ ಜೊತೆ ಹೋಲಿಸಿ ನೋಡಬಹುದು. ಮಾಡಿದ ಮೇಲೆ ಬಳಸುವವರು ಒಬ್ಬರು ಇರುತ್ತಾರೆ. ಇಂಟರ್ನೆಟ್ ಇಲ್ಲದೆಯೂ ಕೆಲಸ ಸಾಗುತ್ತದೆ.

ಹಾಸನದ ಕಡೆಯವರಾದರೆ ಆಲೂಗಡ್ಡೆ ಬೆಳೆಯ ಖರ್ಚು ವೆಚ್ಚ ಇಟ್ಟುಕೊಳ್ಳಬಹುದು. ಏನಾದರೂ ಆಗಲಿ, ಎರಡು ಮೂರು ವಾರಾಂತ್ಯದಲ್ಲಿ ಒಂದು ರೂಪಕ್ಕೆ ಬರುವಷ್ಟು ಚಿಕ್ಕದಿರಲಿ.

ಹಂತ 4: ಮಳೆ ಪುಸ್ತಕ, ಸ್ವಲ್ಪ ಹತ್ತಿರದಿಂದ

ಪ್ರಾಜೆಕ್ಟ್ ಏನು ಕಲಿಸುತ್ತದೆ ಅಂತ ಸುಮ್ನೆ ಹೇಳಿದರೆ ಗೊತ್ತಾಗುವುದಿಲ್ಲ, ಮಾಡಿಯೇ ನೋಡೋಣ. ತೋಟದವರ ಮಳೆ ಪುಸ್ತಕ ಗೊತ್ತಲ್ವಾ? ಅಂಗಳದಲ್ಲಿ ಒಂದು ರೈನ್‌ಗೇಜ್, ದಿನಾ ಬೆಳಗ್ಗೆ ಅಳೆದು "1 ಇಂಚು 35 ಸೆಂಟ್ಸ್" ಅಂತ ಬರೆಯುತ್ತಾರೆ. ನೂರು ಸೆಂಟ್ಸ್‌ಗೆ ಒಂದು ಇಂಚು.

ಮೊದಲ ದಿನ ಫೈಲ್ ಬೇಡ, ಗ್ರಾಫ್ ಬೇಡ, ವೆಬ್‌ಸೈಟ್ ಅಂತೂ ಬೇಡವೇ ಬೇಡ. ಐದು ದಿನದ ಮಳೆಯನ್ನು ಒಂದು ಲಿಸ್ಟಿನಲ್ಲಿ ಹಾಕಿ, ಒಟ್ಟು ಎಷ್ಟು ಅಂತ ಪ್ರಿಂಟ್ ಮಾಡಿ. ಇಷ್ಟಕ್ಕೇ ಮೊದಲ ಪ್ರಶ್ನೆ ಎದ್ದು ನಿಲ್ಲುತ್ತದೆ. ಹತ್ತು ಸೆಂಟ್ಸ್ ಮಳೆಯನ್ನು 0.1 ಇಂಚು ಅಂತ ಬರೆದರೆ, ಮೂರು ದಿನ ಹತ್ತು ಹತ್ತು ಸೆಂಟ್ಸ್ ಬಿದ್ದಿದ್ದಕ್ಕೆ ಪೈಥಾನ್ ಕೊಡುವ ಉತ್ತರ 0.30000000000000004. ಕಂಪ್ಯೂಟರ್ ದಶಮಾಂಶವನ್ನು ಒಳಗೆ ಎರಡರ ಲೆಕ್ಕದಲ್ಲಿ ಇಡುವುದರಿಂದ 0.1 ಅನ್ನುವುದು ಅಲ್ಲಿ ಸರಿಯಾಗಿ ಕೂರುವುದೇ ಇಲ್ಲ. ಬೇರೆ ಭಾಷೆಗಳಲ್ಲೂ ಬಹುಪಾಲು ಹೀಗೇ. ಪರಿಹಾರ ನಿಮ್ಮ ಪುಸ್ತಕದಲ್ಲೇ ಇದೆ ನೋಡಿ: ಎಲ್ಲವನ್ನೂ ಸೆಂಟ್ಸ್‌ನಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. 1 ಇಂಚು 35 ಅಂದರೆ 135. ತೋರಿಸುವಾಗ ಮಾತ್ರ ಇಂಚು ಮಾಡಿ. ಮಿಲಿಮೀಟರ್ ಬೇಕಾದರೆ ಇಂಚನ್ನು 25.4ರಿಂದ ಗುಣಿಸಿ, 34.29 ಬರುತ್ತದೆ. ಹಣದ ಲೆಕ್ಕ ಇಡುವ ಎಷ್ಟೋ ಪ್ರೋಗ್ರಾಂಗಳು ರೂಪಾಯಿ ಬದಲು ಪೈಸೆಯಲ್ಲಿ ಇಡುವುದೂ ಇದೇ ಕಾರಣಕ್ಕೆ.

ಎರಡನೇ ಪ್ರಶ್ನೆ: ಇವತ್ತು ಬೆಳಗ್ಗೆ ಅಳೆದ ಮಳೆ ಇವತ್ತಿನದ್ದಾ, ನಿನ್ನೆಯದ್ದಾ? ಹವಾಮಾನ ಇಲಾಖೆ ಬೆಳಗ್ಗೆ 8:30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆ ಅಂತ ಅದೇ ದಿನದ ಹೆಸರಿನಲ್ಲಿ ಬರೆಯುತ್ತದೆ. ನಿಮ್ಮ ಮನೆಯ ಪುಸ್ತಕದಲ್ಲಿ ಹೇಗೆ? ಕೇಳಬೇಕು. ಅಜ್ಜ ಬರೆದ ಕಾಲಕ್ಕೆ ಒಂದು ಥರ, ಚಿಕ್ಕಪ್ಪ ಬರೆಯಲು ಶುರು ಮಾಡಿದ ಮೇಲೆ ಇನ್ನೊಂದು ಥರ ಇದ್ದರೂ ಆಶ್ಚರ್ಯ ಇಲ್ಲ.

ಮೂರನೆಯದು ಇನ್ನೂ ಮಜಾ. ಪುಸ್ತಕದಲ್ಲಿ ಕೆಲವು ದಿನ ಖಾಲಿ ಇರುತ್ತದೆ. ಮಳೆ ಬರಲಿಲ್ಲ ಅಂತ ಖಾಲಿಯಾ, ಯಾರೂ ಊರಲ್ಲಿರಲಿಲ್ಲ ಅಂತ ಖಾಲಿಯಾ? ಸೊನ್ನೆ ಬೇರೆ, ಖಾಲಿ ಬೇರೆ. ಎರಡನ್ನೂ ಸೊನ್ನೆ ಅಂತ ಹಾಕಿದರೆ ಜುಲೈ ತಿಂಗಳ ಸರಾಸರಿ ಕೆಡುತ್ತದೆ. ಫೈಲಿನಿಂದ ಓದುವಾಗ ಖಾಲಿ ಜಾಗವನ್ನು ಸಂಖ್ಯೆ ಮಾಡಲು ಹೋದರೆ ಪೈಥಾನ್ ವ್ಯಾಲ್ಯೂ ಎರರ್ ಅಂತ ನಿಲ್ಲುತ್ತದೆ. ಎರರ್ ಬಂತು ಅಂತ ಬೈದುಕೊಳ್ಳಬೇಡಿ, ಅದು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದೆ.

ಎರರ್ ಕೊಡದೆ ಮೋಸ ಮಾಡುವುದೂ ಇದೆ. ಸಿಎಸ್‌ವಿ ಫೈಲಿನಿಂದ (ಕಾಲಂಗಳನ್ನು ಕಾಮಾ ಹಾಕಿ ಬೇರೆ ಮಾಡಿದ ಸಾದಾ ಫೈಲ್) ಓದಿದ್ದೆಲ್ಲ ಅಕ್ಷರದ ರೂಪದಲ್ಲಿ ಬರುತ್ತದೆ, ಸಂಖ್ಯೆಯಾಗಿ ಅಲ್ಲ. ಅದನ್ನು ಬದಲಾಯಿಸದೆ "ಅತಿ ಹೆಚ್ಚು ಮಳೆ ಬಿದ್ದ ದಿನ ಯಾವುದು" ಅಂತ ಮ್ಯಾಕ್ಸ್ ಫಂಕ್ಷನ್‌ಗೆ ಕೊಟ್ಟರೆ, 310 ಸೆಂಟ್ಸ್ ಬಿದ್ದ ದಿನವನ್ನು ಬಿಟ್ಟು 95 ಸೆಂಟ್ಸ್ ಬಿದ್ದ ದಿನವನ್ನು ತೋರಿಸುತ್ತದೆ. ಅಕ್ಷರಗಳಾಗಿ ಹೋಲಿಸಿದರೆ 9 ಅನ್ನುವುದು 3ಕ್ಕಿಂತ ದೊಡ್ಡದಲ್ವಾ, ಅಲ್ಲಿಗೇ ತೀರ್ಮಾನ ಆಯಿತು. ಪ್ರೋಗ್ರಾಂ ನಿಲ್ಲುವುದಿಲ್ಲ, ಕೆಂಪು ಸಾಲು ಬರುವುದಿಲ್ಲ, ತಪ್ಪು ಉತ್ತರ ಧೈರ್ಯವಾಗಿ ಬರುತ್ತದೆ. ಮೂರು ಇಂಚು ಮಳೆ ಹೊಡೆದು ಗೇಟಿನ ಹತ್ತಿರದ ಮರ ಬಿದ್ದ ದಿನ ನಿಮಗೆ ನೆನಪಿದೆ, ಅದಕ್ಕೇ ತಪ್ಪು ಸಿಕ್ಕಿತು. ಟ್ಯುಟೋರಿಯಲ್ ಕೊಡುವ ಯಾರದ್ದೋ ಡೇಟಾದಲ್ಲಿ ಇದು ನಿಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಷ್ಟಾದ ಮೇಲೆ ತಿಂಗಳವಾರು ಮೊತ್ತ ಮಾಡಿ, ಅದಕ್ಕೆ ಡಿಕ್ಷನರಿ ಬೇಕಾಗುತ್ತದೆ. ಆಮೇಲೆ ತೋಟದವರಿಗೆ ನಿಜವಾಗಿ ಬೇಕಾದ ಪ್ರಶ್ನೆ ಹಿಡಿಯಿರಿ: ಹೂಮಳೆ ಬಿದ್ದು ಎಷ್ಟು ದಿನಕ್ಕೆ ಬ್ಯಾಕಿಂಗ್ ಮಳೆ ಬಂತು? ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ, ಹಿಂದಿನಿಂದ ಬರುವ ಮಳೆ ಕಾಯಿ ನಿಲ್ಲಲು ಬೇಕು. ಎರಡು ತಾರೀಕಿನ ನಡುವಿನ ದಿನ ಎಣಿಸಲು ಡೇಟ್‌ಟೈಮ್ ಮಾಡ್ಯೂಲ್ ಕಲಿಯುತ್ತೀರಿ. ಆದರೆ ಎಷ್ಟು ಸೆಂಟ್ಸ್ ಬಿದ್ದರೆ ಅದನ್ನು ಹೂಮಳೆ ಅನ್ನಬೇಕು? ಅದನ್ನು ಯಾವ ಮಾಡ್ಯೂಲೂ ಹೇಳುವುದಿಲ್ಲ, ತೋಟದವರನ್ನೇ ಕೇಳಬೇಕು.

ಕನ್ನಡದಲ್ಲಿ ಶೀರ್ಷಿಕೆ ಹಾಕಿ ಸಿಎಸ್‌ವಿ ಉಳಿಸಿದರೆ ಎಕ್ಸೆಲ್‌ನಲ್ಲಿ ತೆರೆದಾಗ ಅಕ್ಷರ ಕಲಸಿಹೋಗಬಹುದು. ಉಳಿಸುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಇಡುವ ರೀತಿ) ಯುಟಿಎಫ್-8-ಸಿಗ್ ಅಂತ ಕೊಡಿ, ಸರಿಯಾಗುತ್ತದೆ. ಇನ್ನೊಂದು: "ಲಕ್ಷ್ಮಿ" ಅನ್ನುವ ಹೆಸರಿನ ಉದ್ದ ಕೇಳಿದರೆ ಪೈಥಾನ್ 7 ಅನ್ನುತ್ತದೆ. ಕಣ್ಣಿಗೆ ಕಾಣುವುದು ಎರಡೇ ಅಕ್ಷರ, ಒಳಗೆ ವ್ಯಂಜನ, ವಿರಾಮ, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಹೆಸರುಗಳ ಪಟ್ಟಿಯನ್ನು ಸಾಲಾಗಿ ಜೋಡಿಸಲು ಹೋದಾಗ ಕಾಲಂ ಓರೆಯಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಹಂತ 5: ಮಧ್ಯೆ ಸಿಕ್ಕಿಹಾಕಿಕೊಂಡಾಗ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ನಿಯಮ ಇಟ್ಟುಕೊಳ್ಳುವುದಾದರೆ ಇದು. ನಿಮಗೆ ಏನು ಗೊತ್ತಿಲ್ಲ ಅಂತ ಒಂದು ಸಾಲಿನಲ್ಲಿ ಬರೆಯಲು ಪ್ರಯತ್ನಿಸಿ. ಬರೆಯಲು ಆದರೆ, ಉದಾಹರಣೆಗೆ "ಎರಡು ತಾರೀಕಿನ ನಡುವೆ ಎಷ್ಟು ದಿನ ಅಂತ ಕಂಡುಹಿಡಿಯುವುದು ಹೇಗೆ", ಟ್ಯುಟೋರಿಯಲ್ ಬೇಡ. ಡಾಕ್ಯುಮೆಂಟೇಶನ್ ತೆರೆಯಿರಿ, ಉತ್ತರ ನೋಡಿ, ಮುಚ್ಚಿ, ಕೆಲಸಕ್ಕೆ ವಾಪಸ್ ಬನ್ನಿ. ಪ್ರಶ್ನೆಯನ್ನೇ ಬರೆಯಲು ಬರುತ್ತಿಲ್ಲ, "ಇದನ್ನು ಎಲ್ಲರ ಮೊಬೈಲ್‌ನಲ್ಲಿ ಕಾಣುವಂತೆ ಮಾಡಬೇಕು, ಅದೇನೋ ಸರ್ವರ್ ಅಂತೆ" ಅನ್ನುವ ಮಟ್ಟದಲ್ಲಿದ್ದರೆ, ಆ ವಿಷಯಕ್ಕೆ ನೀವು ಹೊಸಬರು. ಆಗ ನಾಚಿಕೆ ಇಲ್ಲದೆ ಟ್ಯುಟೋರಿಯಲ್‌ಗೆ ಹೋಗಿ, ಅದನ್ನು ಹಂತ 1ರಂತೆ ಮೊದಲಿನಿಂದ ಮಾಡಿ. ಜ್ಯಾಂಗೊ ಅನ್ನುವ ವೆಬ್ ಫ್ರೇಮ್‌ವರ್ಕ್‌ನ (ವೆಬ್‌ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡ್) ಅಧಿಕೃತ ಟ್ಯುಟೋರಿಯಲ್ ಒಂದು ಮತದಾನದ ಆಪ್ ಕಟ್ಟಿಸುತ್ತದೆ. ಅದನ್ನು ಅವರು ಹೇಳಿದಂತೆ ಮಾಡಿ ಮುಗಿಸಿ, ಆಮೇಲೆ ಮತದ ಜಾಗದಲ್ಲಿ ಮಳೆ ಇಡಲು ನೋಡಿ.

ಪೈಥಾನ್ ಬಲ್ಲವರೂ ವೆಬ್‌ಗೆ ಹೊಸಬರಾಗಿರಬಹುದು, ವೆಬ್ ಬಲ್ಲವರು ಡೇಟಾಬೇಸ್‌ಗೆ ಹೊಸಬರಾಗಿರಬಹುದು. ಟ್ಯುಟೋರಿಯಲ್ ಬಿಟ್ಟು ಪ್ರಾಜೆಕ್ಟ್‌ಗೆ ಬರುವುದು ಒಂದೇ ಸಲ ಆಗುವ ಕೆಲಸ ಅಲ್ಲ ಅನ್ನುವುದು ಇದಕ್ಕೇ.

ಎರರ್ ಬಂದರೆ ಕೊನೆಯ ಸಾಲನ್ನು ಮೊದಲು ಓದಿ, ಪೈಥಾನ್ ಏನಾಯಿತು ಅಂತ ಹೇಳುವುದು ಅಲ್ಲೇ. ಅದರ ಮೇಲಿನ ಸಾಲುಗಳಲ್ಲಿ ಎಲ್ಲಿ ಆಯಿತು ಅಂತ ಇರುತ್ತದೆ. ಅರ್ಧ ಗಂಟೆ ಒದ್ದಾಡಿಯೂ ಬಗೆಹರಿಯದಿದ್ದರೆ, ಆ ಭಾಗವನ್ನು ಮಾತ್ರ ಬೇರೆ ಚಿಕ್ಕ ಫೈಲಿಗೆ ತೆಗೆದುಕೊಂಡು, ಎರಡೇ ದಿನದ ಮಳೆ ಹಾಕಿ ಓಡಿಸಿ. ತಪ್ಪು ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಎಐ ಬಗ್ಗೆ ಕೇಳುತ್ತಾರೆ. ಎರರ್‌ನ ಅರ್ಥ ಕೇಳಿ, ನಿಮ್ಮ ಕೋಡ್ ಯಾಕೆ ಹಾಗೆ ಮಾಡಿತು ಅಂತ ಕೇಳಿ, ಚೆನ್ನಾಗಿ ಹೇಳುತ್ತದೆ. "ಮಳೆ ಲೆಕ್ಕದ ಪ್ರೋಗ್ರಾಂ ಬರೆದುಕೊಡು" ಅಂದರೆ ಅದನ್ನೂ ಬರೆದುಕೊಡುತ್ತದೆ, ಆದರೆ ಖಾಲಿ ದಿನವನ್ನು ಸೊನ್ನೆ ಮಾಡಿತಾ ಬಿಟ್ಟಿತಾ ಅಂತ ನೋಡಬೇಕು ಅನ್ನುವುದೇ ನಿಮಗೆ ಹೊಳೆಯುವುದಿಲ್ಲ. ಕಲಿಯುವ ಹಂತದಲ್ಲಿ ನೀವು ಒಮ್ಮೆ ಬರೆದ ಮೇಲೆ ಅದಕ್ಕೆ ತೋರಿಸಿ.

ಹಂತ 6: ಕರೆಂಟು, ನೆಟ್‌ವರ್ಕು, ಲ್ಯಾಪ್‌ಟಾಪು

ಮಲೆನಾಡಿನ ಮಳೆಗಾಲದಲ್ಲಿ ವಿಡಿಯೋ ನಂಬಿ ಕೂತರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಕೊಪ್ಪ, ಕಳಸದ ಕಡೆಯವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ. ಪೇಟೆಗೆ ಬಂದಾಗ, ಕಾಲೇಜಿನಲ್ಲಿದ್ದಾಗ ನೆಟ್‌ವರ್ಕ್ ಬೇಕಾದ ಕೆಲಸ ಮುಗಿಸಿ. ಪೈಥಾನ್ ಡಾಕ್ಯುಮೆಂಟೇಶನ್ ಪೂರ್ತಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಮನೆಯಲ್ಲಿ ಪ್ರಾಜೆಕ್ಟ್, ಪೇಟೆಯಲ್ಲಿ ಟ್ಯುಟೋರಿಯಲ್ ಅಂತ ಹಂಚಿಕೊಂಡರೂ ಸಾಕು. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಥಾನ್ ಓಡಿಸುವ ಪೈಡ್ರಾಯ್ಡ್ ಆಪ್ ಹಾಕಿಕೊಂಡು ಮಳೆ ಪುಸ್ತಕದಷ್ಟು ಕೆಲಸ ಮಾಡಬಹುದು. ಟೈಪ್ ಮಾಡುವುದು ಕಷ್ಟ, ಆದರೆ ಆಗುತ್ತದೆ.

ಹಂತ 7: ಟ್ಯುಟೋರಿಯಲ್ಲೇ ಸರಿ ಅನ್ನುವ ಜಾಗಗಳು

ಪಾಸ್‌ವರ್ಡ್ ಉಳಿಸುವುದು, ಹಣ ಪಾವತಿ, ಬೇರೆಯವರ ವೈಯಕ್ತಿಕ ವಿವರ ಇಡುವುದು. ಇಲ್ಲಿ "ಮಾಡಿ ಕಲಿ" ಅನ್ನುವ ಮಾತು ನಡೆಯುವುದಿಲ್ಲ, ನೀವು ಕಲಿಯುವ ಹೊತ್ತಿಗೆ ಬೇರೆ ಯಾರಿಗೋ ನಷ್ಟ ಆಗಿರುತ್ತದೆ. ಹೋಂಸ್ಟೇ ಡೈರಿ ಮಾಡುವವರು ಅತಿಥಿಗಳ ಆಧಾರ್ ನಂಬರ್ ಎಲ್ಲ ಅದರಲ್ಲಿ ತುಂಬಲು ಹೋಗಬೇಡಿ. ಪರೀಕ್ಷೆ ಹತ್ತಿರ ಇದ್ದರೆ ಸಿಲಬಸ್ ಓದಿ, ಪ್ರಾಜೆಕ್ಟ್ ಹದಿನೈದು ದಿನ ಕಾಯುತ್ತದೆ. ಕ್ಯಾಂಪಸ್ ಇಂಟರ್‌ವ್ಯೂನ ಅಲ್ಗಾರಿದಮ್ ಪ್ರಶ್ನೆಗಳಿಗೂ ಬಿಡಿಸಿಟ್ಟ ಉದಾಹರಣೆ ನೋಡಿ ಕಲಿಯುವುದೇ ಬೇಗ.

ಹಂತ 8: ಬಳಸುವವರ ಕೈಗೆ ಕೊಡಿ

ಕೋಡನ್ನು ಗಿಟ್‌ಹಬ್‌ನಲ್ಲಿ (ಕೋಡ್ ಇಟ್ಟು ಹಂಚಿಕೊಳ್ಳುವ ವೆಬ್‌ಸೈಟ್) ಹಾಕಿ, ಜೊತೆಗೆ ಒಂದು ಪುಟ ಬರೆಯಿರಿ: ಇದು ಏನು, ಸೆಂಟ್ಸ್‌ನಲ್ಲಿ ಯಾಕೆ ಇಟ್ಟೆ, ಖಾಲಿ ದಿನವನ್ನು ಏನು ಮಾಡಿದೆ. ಇಂಟರ್‌ವ್ಯೂನಲ್ಲಿ ಕೋಡ್ ಬಗ್ಗೆ ಕೇಳಿದರೆ ಮಾತಾಡಲು ನಿಮ್ಮದೇ ಕಾರಣಗಳು ಇರುತ್ತವೆ. ಬರೀ ಕೋರ್ಸ್ ನೋಡಿ ಕಟ್ಟಿದ ಆಪ್ ಆದರೆ, ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದಾಗ "ಸರ್ ಹಾಗೇ ಹೇಳಿಕೊಟ್ರು" ಅನ್ನಬೇಕಾಗುತ್ತದೆ.

ಆಮೇಲೆ ಪುಸ್ತಕ ಬರೆಯುವವರ ಮುಂದೆಯೇ ಅದನ್ನು ಇಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತುಕೊಳ್ಳಿ. ಹೇಳಿಕೊಡಬೇಡಿ. ಮಳೆ ಎಷ್ಟು ಅಂತ ಕೇಳಿದ ಜಾಗದಲ್ಲಿ ದೊಡ್ಡಪ್ಪ 1.5 ಅಂತ ಒತ್ತುತ್ತಾರೆ. ಅವರ ಪುಸ್ತಕದಲ್ಲಿ ಅದು ಒಂದು ಇಂಚು ಐದು ಸೆಂಟ್ಸ್. ನಿಮ್ಮ ಪ್ರೋಗ್ರಾಂ ಅದನ್ನು ಒಂದೂವರೆ ಇಂಚು ಅಂತ ತೆಗೆದುಕೊಂಡಿತು. ಇಬ್ಬರದ್ದೂ ತಪ್ಪಲ್ಲ. ಇಂಚಿಗೆ ಒಂದು ಜಾಗ, ಸೆಂಟ್ಸ್‌ಗೆ ಒಂದು ಜಾಗ ಬೇರೆ ಬೇರೆ ಮಾಡಿ, ಸೆಂಟ್ಸ್ ಜಾಗದಲ್ಲಿ 99ಕ್ಕಿಂತ ಜಾಸ್ತಿ ಹಾಕಿದರೆ ತೆಗೆದುಕೊಳ್ಳದ ಹಾಗೆ ಮಾಡಿ, ಮತ್ತೆ ಅವರ ಕೈಗೆ ಕೊಡಿ. ಆಗಲೇ ತುಂಬಿಸಿದ ಹಳೆಯ ತಿಂಗಳುಗಳಲ್ಲಿ ಸೆಂಟ್ಸ್ ಲೆಕ್ಕ ಸೊನ್ನೆಯಲ್ಲಿ ಮುಗಿಯುವ ದಿನಗಳನ್ನೆಲ್ಲ (1.5 ಒತ್ತಿದ್ದು 150 ಆಗಿ ಕೂತಿರುತ್ತದೆ) ಹುಡುಕಿ ತೆಗೆದು, ಪುಸ್ತಕದ ಜೊತೆ ಹೋಲಿಸುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೂ ಒಂದು ಚಿಕ್ಕ ಪ್ರೋಗ್ರಾಂ ಬರೆಯಬಹುದು.